ಖಾಲಿ ಬಟ್ಟಲಿನ ಕೀರ್ತಿ

ಹಾಸಿಗೆ ಹಿಡಿದವರಿಗೆ ಮೈ ಒರೆಸುವುದರಲ್ಲಿ ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ. ಪಶ್ಚಿಮದಲ್ಲಿ ಇರಬಹುದು, ರೈಲು ಹಳಿ ದಾಟಿ ಹೋಗಿ ನೋಡಿಲ್ಲ. ಎರಡು ಬಕೆಟ್, ನಾಲ್ಕು ಬಟ್ಟೆ, ಒಂದು ದೊಡ್ಡ ಹೊದಿಕೆ. ಮೊದಲು ಬಾಗಿಲು ತಟ್ಟಬೇಕು, ಒಳಗಿರುವವರಿಗೆ ಕಿವಿ ಕೇಳದಿದ್ದರೂ ತಟ್ಟಬೇಕು. ಆಮೇಲೆ ಏನು ಮಾಡುತ್ತೇನೆ ಎಂದು ಹೇಳಿ ಮುಟ್ಟಬೇಕು. ಕಣ್ಣಿನಿಂದ ಶುರು, ಒಳಮೂಲೆಯಿಂದ ಹೊರಗೆ. ಒಂದು ಕೈ ತೊಳೆಯುವಾಗ ಆ ಕೈ ಮಾತ್ರ ಹೊರಗೆ, ಉಳಿದ ಮೈಯೆಲ್ಲ ಹೊದಿಕೆಯ ಒಳಗೆ. ನಾನು ಸ್ನಾನ ಮಾಡಿಸಿದರೆ ಸೂರ್ಯನಿಗೂ ಮೊಣಕೈಗಿಂತ ಹೆಚ್ಚು ಕಾಣುವುದಿಲ್ಲ.

ಇಷ್ಟೆಲ್ಲ ಹೊಗಳಿಕೊಳ್ಳುವವಳು ಮುದುಕಿಯೊಬ್ಬಳನ್ನು ಹೇಗೆ ಹನ್ನೊಂದು ದಿನ ಮಧ್ಯಾಹ್ನ ಉಪವಾಸ ಕೆಡವಿದಳು ಎಂಬುದೇ ಈಗ ಹೇಳಲು ಹೊರಟಿರುವ ಸಂಗತಿ.

ನಮ್ಮದು ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆಯ ವೃದ್ಧರ ಆರೈಕೆ ಮನೆ. ಗಾಳಿ ಈ ಕಡೆ ತಿರುಗಿದ ದಿನ ಕಾರ್ಖಾನೆಗಳ ವಾಸನೆಯಿಂದ ಬೇಳೆಗೂ ಔಷಧಿಯ ರುಚಿ ಬರುತ್ತದೆ. ಕೆಳಮಹಡಿಯಲ್ಲಿ ಊಟದ ಹಾಲ್, ಅದಕ್ಕೆ ತಾಗಿದ ಸಾಲಿನಲ್ಲಿ ಹಾಸಿಗೆ ಹಿಡಿದವರ ಕೋಣೆಗಳು. ನಾನು ಮೂರು ತಿಂಗಳ ಆರೈಕೆ ತರಬೇತಿ ಮುಗಿಸಿ ಸೇರಿದವಳು. ಎಲ್ಲರಿಗಿಂತ ಚಿಕ್ಕವಳು. ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟು ಇದ್ದವಳೂ ನಾನೊಬ್ಬಳೇ.

ಆ ಸರ್ಟಿಫಿಕೇಟು ನನಗೆ ಬಹಳ ಉಪಕಾರ ಮಾಡಿತು. ಸೇರಿದ ಮೂರನೆಯ ದಿನ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಹಿರಿಯ ಆಯಾ, ಒಬ್ಬ ಅಜ್ಜನನ್ನು ಗಾಲಿಕುರ್ಚಿಗೆ ಎತ್ತುತ್ತಿದ್ದಾಗ, ‘ನೀವು ಮೊಣಕಾಲು ಇಡುವುದು ತಪ್ಪು’ ಎಂದು ಎಲ್ಲರೆದುರು ತಿದ್ದಿದೆ. ಅವರನ್ನು ಅಲ್ಲಿ ಎಲ್ಲರೂ ಮೌಶಿ ಎನ್ನುತ್ತಾರೆ, ಮರಾಠಿಯಲ್ಲಿ ಚಿಕ್ಕಮ್ಮ. ಮೌಶಿ ಅಜ್ಜನನ್ನು ಕೂರಿಸಿ ತಮ್ಮ ಕೆಲಸಕ್ಕೆ ಹೋದರು. ಮಧ್ಯಾಹ್ನ ಮೂರಕ್ಕೆ ಆಯಾಗಳೆಲ್ಲ ಮೇಲಿನ ಕೋಣೆಯಲ್ಲಿ ವೃತ್ತವಾಗಿ ಕೂತು ಡಬ್ಬಿ ಬಿಚ್ಚುತ್ತಾರೆ, ಒಬ್ಬರ ಪಲ್ಯ ಇನ್ನೊಬ್ಬರಿಗೆ ಹೋಗುತ್ತದೆ. ನಾನು ಡಬ್ಬಿ ಹಿಡಿದು ಹೋದಾಗ ಆ ವೃತ್ತದಲ್ಲಿ ಜಾಗ ಇರಲಿಲ್ಲ. ಮರುದಿನವೂ ಇರಲಿಲ್ಲ. ಅಂದಿನಿಂದ ನೀರಿನ ಟ್ಯಾಂಕಿಗೆ ಹೋಗುವ ಮೆಟ್ಟಿಲು ನನ್ನ ಸ್ವಂತ ಊಟದ ಕೋಣೆ. ಒಬ್ಬಳಿಗೆ ಹದಿನಾಲ್ಕು ಮೆಟ್ಟಿಲು. ಇಷ್ಟು ವಿಶಾಲವಾದ ಜಾಗದಲ್ಲಿ ಡೊಂಬಿವಲಿಯಲ್ಲಿ ಯಾರು ಊಟ ಮಾಡುತ್ತಾರೆ, ಹೇಳಿ.

ಶಾಲೆಯ ಗೆಳತಿಯರ ವಾಟ್ಸಾಪ್ ಗುಂಪೂ ಆ ಹೊತ್ತಿಗೆ ಮೌನವಾಗಿತ್ತು. ಬೇರೆ ಗುಂಪು ಮಾಡಿಕೊಂಡಿದ್ದಾರೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಹೀಗೆ ಏಳು ತಿಂಗಳು ನಾನು ಮಾತಾಡಿದ್ದು ಹೆಚ್ಚಾಗಿ ಮಾತು ಮರೆತವರ ಜೊತೆ.

ಆಗ ಬಂದವರು ಖಾನಾವಳಿ ಅಜ್ಜಿ.

ವಿಜಯಪುರ ಕಡೆಯವರು. ತುರ್ಭೆಯ ಸಗಟು ಮಾರುಕಟ್ಟೆಯ ಬಳಿ ನಲವತ್ತು ವರ್ಷ ರೊಟ್ಟಿ ಬಡಿದು, ಊರ ಕಡೆಯಿಂದ ಬಂದು ಮೂಟೆ ಹೊರುವ ಲೋಡರ್‌ಗಳಿಗೆ ಬಡಿಸಿದವರು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು, ಅದರ ಹಿಂದೆಯೇ ಸಣ್ಣದೊಂದು ಪಾರ್ಶ್ವವಾಯು. ಅದು ಬಾಯಿಯ ಎಡಭಾಗದ ಬಲವನ್ನೂ, ನಲವತ್ತು ವರ್ಷದಲ್ಲಿ ಕಲಿತ ಹಿಂದಿ ಮರಾಠಿಯನ್ನೂ ಒಟ್ಟಿಗೆ ಒಯ್ದಿತು. ಉಳಿದದ್ದು ಕನ್ನಡ. ಮಹಾಪೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳು ಭಾನುವಾರ ಬರುತ್ತಿದ್ದರು. ಉಳಿದ ಆರು ದಿನ ಆ ಕನ್ನಡಕ್ಕೆ ಉತ್ತರ ಕೊಡುವವರು ಬೇಕಲ್ಲ, ಇಲ್ಲಿನ ಮುಖ್ಯ ನರ್ಸ್ ಸಿಸ್ಟರ್ ನನ್ನನ್ನು ಹಾಕಿದರು. ನಾನು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಗೆ ಎರಡನೆಯ ಸ್ಥಾನ. ಎಷ್ಟು ಜನರಲ್ಲಿ ಎಂದು ಕೇಳುವುದು ಸಭ್ಯರ ಲಕ್ಷಣವಲ್ಲ. ಏಳು ಜನರಲ್ಲಿ.

ಮೊದಲ ದಿನವೇ ಅಜ್ಜಿ ನನ್ನ ರ‍್ಯಾಂಕ್ ಇಳಿಸಿದರು.

“ಇದ್ಯಾವ ಕನ್ನಡನ ತಂಗಿ? ಪೇಪರ್ ಓದಿದಂಗ ಮಾತಾಡ್ತೀಯಲ್ಲ.”

“ನಾವು ಉಡುಪಿ ಕಡೆಯವರು ಅಜ್ಜಿ. ಮನೆಯಲ್ಲಿ ತುಳು. ಅಪ್ಪ ಇಲ್ಲೇ ಹೊಟೇಲಲ್ಲಿ ಇದ್ದಾರೆ.”

“ಹಂಗಾರ ಇಡ್ಲಿ ಮಂದಿ.”

“ನಿಮ್ಮದೂ ಹೊಟೇಲೇ ಅಲ್ವಾ?”

ಅಜ್ಜಿ ನನ್ನನ್ನು ನೋಡಿದ ರೀತಿಗೆ ಬಕೆಟ್ಟಿನ ನೀರು ತಣ್ಣಗಾಯಿತು.

“ನಂದು ಖಾನಾವಳಿ. ಹೊಟೇಲ್‌ಗೆ ಗಿರಾಕಿ ಬರ್ತಾನ. ಖಾನಾವಳಿಗೆ ಹಸದಾಂವ ಬರ್ತಾನ.”

ಅವರ ಅಂಗೈ ಹಲಗೆಯ ಹಾಗೆ ಗಟ್ಟಿ. ಮೈ ಒರೆಸುವಾಗ ನಾನು ಬೆರಳು ಬಿಡಿಸಲು ಹೋದರೆ ಆ ಕೈ ಮಗ್ಗುಲಿಗೆ ಹೊರಳಿ ಹಾಸಿಗೆಯನ್ನು ತಪತಪ ಬಡಿಯುತ್ತಿತ್ತು, ಒಂದು ಸುತ್ತು ತಿರುಗಿಸಿ ಮತ್ತೆ ಬಡಿಯುತ್ತಿತ್ತು. ರೊಟ್ಟಿ ತೆಳ್ಳಗಾಗುವವರೆಗೆ ನಾನು ಕಾಯುತ್ತಿದ್ದೆ.

ಎರಡು ಗಂಟೆಗೊಮ್ಮೆ ಎಡ ಮಗ್ಗುಲು, ಬೆನ್ನು, ಬಲ ಮಗ್ಗುಲು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು. ಇದೆಲ್ಲ ಸರಿಯಾಗಿ ನಡೆಯಿತು. ನಡೆಯದೇ ಹೋದದ್ದು ಮಧ್ಯಾಹ್ನದ ಊಟ.

ಹನ್ನೆರಡೂವರೆಗೆ ಊಟದ ಗಾಡಿ ಹೊರಡುತ್ತದೆ. ನಮ್ಮಲ್ಲಿ ಹಾಸಿಗೆ ಹಿಡಿದವರಿಗೆ ಮೊದಲು, ಏಕೆಂದರೆ ಅವರಿಗೆ ಉಣಿಸಲು ಹೊತ್ತು ಹಿಡಿಯುತ್ತದೆ. ಅದೇ ಹೊತ್ತಿಗೆ ಆಚೆ ಹಾಲಿನಲ್ಲಿ ನಡೆದಾಡುವವರು ಕೂರಲು ಶುರು ಮಾಡುತ್ತಾರೆ, ಎರಡು ಪಂಕ್ತಿ ಮುಗಿಯುವಾಗ ಎರಡು ಗಂಟೆ. ನಾನು ಮಂಚದ ತಲೆಭಾಗ ಎತ್ತಿ, ಅಜ್ಜಿಯನ್ನು ನೇರವಾಗಿ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಬಗ್ಗಿಸಿ, ಮೆತ್ತಗಿನ ಖಿಚಡಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತೆ. ಎದುರು ನಿಂತು ಉಣಿಸಬಾರದು, ಅದು ದನಕ್ಕೆ ಮೇವು ಹಾಕಿದ ಹಾಗಾಗುತ್ತದೆ. ಚಮಚ ಬಾಯಿಯ ಬಲಭಾಗಕ್ಕೆ ಒಯ್ದೆ. ತುಟಿ ಅಂಟಿಸಿದ ಲಕೋಟೆ.

“ನೀ ಮೊದಲ ಉಣ್ಣ.”

“ನನ್ನದು ಆಮೇಲೆ ಅಜ್ಜಿ. ನೀವು ತಿನ್ನಿ.”

“ಹಸಗೊಂಡ ಕುಂತ್ರ ಮಾರ್ಯಾಗ ಕಾಣಸ್ತದ. ಉಣ್ಣ.”

ತಮಾಷೆಗೆಂದು ಒಂದು ಚಮಚ ನನ್ನ ಬಾಯಿಗೆ ಹಾಕಿಕೊಂಡೆ. ಅಜ್ಜಿಯ ಮುಖ ಅರಳಿತು.

“ಉಪ್ಪ ಸಾಕಾಗ್ಯಾದೇನು?”

“ಸ್ವಲ್ಪ ಕಡಿಮೆ.”

“ಇನ್ನೊಂದು ತುತ್ತು ಹಾಕ್ಕೋ. ನಾಚಬ್ಯಾಡ.”

ಹಾಕಿಕೊಂಡೆ. ಇನ್ನೊಂದು. ಏಳು ತಿಂಗಳಲ್ಲಿ ಆ ಕಟ್ಟಡದೊಳಗೆ ನನಗೆ ಉಣ್ಣು ಎಂದವರು ಅವರೊಬ್ಬರೇ. ಖಿಚಡಿ ರುಚಿಯಾಗಿತ್ತು ಎಂದು ಹೇಳಿದರೆ ಅಡುಗೆಯವನೂ ನಂಬಲಾರ, ಆದರೆ ಬಟ್ಟಲು ಖಾಲಿಯಾಗಿಬಿಟ್ಟಿತು. ಅಜ್ಜಿ ತೃಪ್ತಿಯಿಂದ ಬಾಗಿಲ ಕಡೆ ನೋಡಿ ಕೇಳಿದರು: “ಇನ್ನಾ ಯಾರ ಅದಾರ? ಕರಿ ಅವರ್ನ.”

ನೆನಪು ಕಲಸಿಹೋದವರ ಮಾತು ಎಂದುಕೊಂಡೆ. ಇನ್ನೊಂದು ಬಟ್ಟಲು ತರೋಣ ಎಂದು ಹೊರಬಂದರೆ ಎದುರಿಗೆ ಸಿಸ್ಟರ್. ಹಿಂದಿಯಲ್ಲಿ ಕೇಳಿದರು: “ಪೂರಾ ಖಾಯಾ? ನಿನ್ನೆ ಮೌಶಿಯ ಕೈಯಿಂದ ಒಂದು ಚಮಚವನ್ನೂ ತಿನ್ನಲಿಲ್ಲವಂತೆ!”

ನಡೆದದ್ದನ್ನು ಹೇಳಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಸಿಸ್ಟರ್ ಹಿಂದೆ ಮೌಶಿ ನಿಂತಿರುವುದು ಕಂಡಿತು. “ಹಾಂ, ಪೂರಾ” ಎಂದೆ.

ಊಟದ ಚಾರ್ಟಿನಲ್ಲಿ ಬರೆದೆ: ಪೂರ್ತಿ. ದುಂಡಗಿನ ಅಕ್ಷರದಲ್ಲಿ ಸಹಿ.

ಕೀರ್ತಿ ಎಂಬುದು ನಮ್ಮ ಮನೆಯಲ್ಲಿ ಲಿಫ್ಟಿಗಿಂತ ಬೇಗ ಮೇಲೆ ಹೋಗುತ್ತದೆ. ಸಂಜೆಯೊಳಗೆ ಅಡುಗೆಯವನಿಂದ ವಾಚ್‌ಮನ್ ತನಕ ಎಲ್ಲರಿಗೂ ಗೊತ್ತಾಯಿತು, ಖಾನಾವಳಿ ಅಜ್ಜಿ ಉಣ್ಣುವುದು ಈ ಹುಡುಗಿಯ ಕೈಯಿಂದ ಮಾತ್ರ ಎಂದು. ಸಿಸ್ಟರ್ ಹೊಸದಾಗಿ ಸೇರಿದ ಇಬ್ಬರಿಗೆ ‘ಇವಳನ್ನು ನೋಡಿ ಕಲಿಯಿರಿ’ ಎಂದರು. ನಾನು ಕಲಿಸಿದೆ. ತಾಳ್ಮೆಯ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ, ಹಲ್ಲಿನ ಸಂದಿಯಲ್ಲಿ ಅಜ್ಜಿಯ ಖಿಚಡಿಯ ಜೀರಿಗೆ ಇಟ್ಟುಕೊಂಡು.

ಪ್ರತಿದಿನ ಮೊದಲ ಚಮಚ ಅಜ್ಜಿಗೇ ಒಯ್ಯುತ್ತಿದ್ದೆ, ಇದು ಸತ್ಯ. ಪ್ರತಿದಿನ ಮುಖ ತಿರುಗುತ್ತಿತ್ತು. “ನೀ ಉಣ್ಣ.” ಉಣ್ಣುತ್ತಿದ್ದೆ. ಉಣ್ಣುತ್ತಾ ಮಾತಾಡುತ್ತಿದ್ದೆವು. ಗೆಳತಿಯರ ಗುಂಪಿನ ವಿಷಯ ಅಮ್ಮನಿಗೂ ಹೇಳಿರಲಿಲ್ಲ, ಅಜ್ಜಿಗೆ ಹೇಳಿದೆ. “ಹೋಗ್ಲಿ ಬಿಡ, ಹಸದಾಗ ಬರ್ತಾರ” ಎಂದರು. ಬೆಳಿಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿನ್ನುತ್ತಾರೆ, ಸಂಜೆ ಪಾಳಿಯವರು ಕೊಡುವ ಗಂಜಿ ಒಂದಿಷ್ಟು ಹೋಗುತ್ತದೆ, ನಡುವೆ ಒಂದು ಹೊತ್ತು ತಪ್ಪಿದರೆ ಏನಾಗುತ್ತದೆ ಎಂದು ನನಗೆ ನಾನೇ ಡಾಕ್ಟರಾಗಿ ಸಲಹೆ ಕೊಟ್ಟುಕೊಂಡೆ. ಶುಲ್ಕವನ್ನೂ ತೆಗೆದುಕೊಳ್ಳಲಿಲ್ಲ.

ಹದಿನೈದು ದಿನಕ್ಕೊಮ್ಮೆ ಬುಧವಾರ ತೂಕದ ದಿನ. ನಿಲ್ಲಲಾಗದವರನ್ನು ಗಾಲಿಕುರ್ಚಿಯ ಸಮೇತ ದೊಡ್ಡ ತಕ್ಕಡಿಯ ಮೇಲೆ ಹತ್ತಿಸಿ, ಆಮೇಲೆ ಕುರ್ಚಿಯ ತೂಕ ಕಳೆಯುತ್ತಾರೆ. ಸಿಸ್ಟರ್ ಎರಡು ಸಲ ಕಳೆದರು. ಮೂರನೆಯ ಸಲ ಖಾಲಿ ಕುರ್ಚಿಯನ್ನೇ ಮತ್ತೆ ತೂಗಿಸಿದರು. ಕುರ್ಚಿ ತಪ್ಪಿರಲಿಲ್ಲ. ಅಜ್ಜಿ ಬಂದಾಗಿನಿಂದ ಮೂರು ಕಿಲೋ ಇಳಿದಿದ್ದರು.

ಹಾಸಿಗೆಗೆ ಮರಳಿಸಿ ಮಗ್ಗುಲು ಮಾಡಿದಾಗ ಬೆನ್ನಿನ ಬುಡದಲ್ಲಿ ಎಂಟಾಣೆಯಷ್ಟಗಲದ ಕೆಂಪು. ಬೆರಳಿನಿಂದ ಒತ್ತಿ ಬಿಟ್ಟರೆ ಒಳ್ಳೆಯ ಚರ್ಮ ಬಿಳಿಯಾಗಿ ಮತ್ತೆ ಕೆಂಪಾಗುತ್ತದೆ. ಇದು ಬಿಳಿಯಾಗಲಿಲ್ಲ. ಹುಣ್ಣಿನ ಮೊದಲ ಮೆಟ್ಟಿಲು ಅದು. ನಾನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದೇನೆ, ಒಂದು ಸಲವೂ ತಪ್ಪಿಲ್ಲ. ಆದರೆ ಹೊಟ್ಟೆಗೆ ಊಟ ಹೋಗದ ಮೈಗೆ ದಿಂಬು ಎಷ್ಟು ಸಹಾಯ ಮಾಡೀತು.

ಡಾಕ್ಟರು ಚಾರ್ಟ್ ತಿರುವಿದರು. ಪೂರ್ತಿ, ಪೂರ್ತಿ, ಪೂರ್ತಿ. “ಇಷ್ಟು ತಿಂದೂ ಇಳಿಯುತ್ತಿದ್ದಾರೆ ಎಂದರೆ ಒಳಗೆ ಏನೋ ಇದೆ,” ಎಂದರು. “ಠಾಣೆ ನಗರದ ಆಸ್ಪತ್ರೆಗೆ ಕಳಿಸೋಣ. ಸ್ಕ್ಯಾನ್ ಆಗಲಿ, ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡಲಿ. ಸೋಮವಾರದಿಂದ ಊಟಕ್ಕೆ ಮೂಗಿನ ನಳಿಕೆ.”

ಮೂಗಿನ ನಳಿಕೆ ನನಗೆ ಗೊತ್ತು. ಮೂರನೆಯ ಕೋಣೆಯ ಅಜ್ಜನಿಗಿದೆ, ಅವರಿಗೆ ಅದರಿಂದ ಜೀವ ಉಳಿದದ್ದೂ ಹೌದು. ಆದರೆ ಅವರು ಕೀಳಲು ನೋಡುತ್ತಾರೆಂದು ಎರಡೂ ಕೈಗೆ ಬಟ್ಟೆಯ ಚೀಲ ಕಟ್ಟಿ ಮಂಚಕ್ಕೆ ಬಿಗಿದಿರುತ್ತೇವೆ. ನಾನೇ ಕಟ್ಟುತ್ತೇನೆ. ಖಾನಾವಳಿ ಅಜ್ಜಿ ಆಗ ಬಲಗೈಯಿಂದ ಹಾಸಿಗೆ ಬಡಿಯುತ್ತಿದ್ದರು.

ಆ ಸಂಜೆ ಮನೆಗೆ ಹೋಗುತ್ತಿದ್ದಂತೆ ಅಮ್ಮ ಎಂದಿನಂತೆ ತುಳುವಿನಲ್ಲಿ ಕೇಳಿದರು, “ಒಣಸ್ ಆಂಡಾ?” ಊಟ ಆಯಿತಾ ಎಂದು. ಆಯಿತು ಎಂದೆ. ಎರಡು ಊಟ ಆಗಿತ್ತು. ಅಂದು ಯಾವ ಜೋಕೂ ಹೊಳೆಯಲಿಲ್ಲ. ಒಳಗೆ ಏನೂ ಇಲ್ಲ, ಡಾಕ್ಟರು ಹುಡುಕಬೇಕೆಂದಿರುವುದು ನನ್ನ ಹೊಟ್ಟೆಯಲ್ಲಿದೆ ಎಂದು ಗೊತ್ತಿದ್ದವಳು ಇಡೀ ಠಾಣೆ ಜಿಲ್ಲೆಯಲ್ಲಿ ನಾನೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಜ್ಜಿಯ ಗಂಟಲಲ್ಲಿ ಕ್ಯಾಮೆರಾ ಇಳಿಯುತ್ತಿತ್ತು, ನನ್ನ ಕೀರ್ತಿ ಮೇಲೆಯೇ ಇರುತ್ತಿತ್ತು.

ಗುರುವಾರ ಬೆಳಿಗ್ಗೆ ಚಾರ್ಟ್ ಹಿಡಿದು ಸಿಸ್ಟರ್ ಮೇಜಿನ ಮುಂದೆ ನಿಂತೆ. ಮೌಶಿ ಅಲ್ಲೇ ಔಷಧಿಯ ತಟ್ಟೆ ಜೋಡಿಸುತ್ತಿದ್ದರು. ಅವರು ಹೋಗಲಿ ಎಂದು ಕಾದೆ, ಹೋಗಲಿಲ್ಲ. ಹೇಳಿದೆ.

ಸಿಸ್ಟರ್ ಕೇಳಿದ್ದು ಒಂದೇ. “ಎಷ್ಟು ದಿನ?”

“ಹನ್ನೊಂದು.”

ಮೌಶಿಯ ಮಾತು ಮರಾಠಿ. ಕನ್ನಡಕ್ಕೆ ತರುವಾಗ ಬೈಗುಳಗಳನ್ನು ಬಿಟ್ಟಿದ್ದೇನೆ, ಹಾಗಾಗಿ ಉಳಿಯುವುದು ಇಷ್ಟೇ: “ಮುದುಕಿಯ ತುತ್ತು ತಿಂದೆಯಲ್ಲೇ.”

ಸಿಸ್ಟರ್ ಕೂಗಾಡಲಿಲ್ಲ. ಕೆಂಪು ಪೆನ್ನು ಕೊಟ್ಟು, ಹನ್ನೊಂದು ‘ಪೂರ್ತಿ’ಗಳಿಗೂ ಗೆರೆ ಹೊಡೆಸಿ, ಪ್ರತಿಯೊಂದರ ಪಕ್ಕ ‘ರೋಗಿ ತಿಂದಿಲ್ಲ’ ಎಂದು ನನ್ನ ಕೈಯಲ್ಲೇ ಬರೆಸಿದರು. ಹನ್ನೊಂದು ಸಹಿ. ಐದನೆಯದಕ್ಕೆ ಬರುವಾಗ ನನ್ನ ಪ್ರಸಿದ್ಧ ದುಂಡು ಅಕ್ಷರ ಚಪ್ಪಟೆಯಾಗಿತ್ತು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದರು. ಸ್ಕ್ಯಾನು ಕ್ಯಾಮೆರಾ ಸದ್ಯಕ್ಕೆ ಬೇಡ ಎಂದಾಯಿತು. ನಳಿಕೆಯ ಮಾತು ಮಾತ್ರ ನಿಂತೇ ಇತ್ತು: ಸೋಮವಾರದೊಳಗೆ ಒಂದು ಮಧ್ಯಾಹ್ನವಾದರೂ ಎಂಟು ಚಮಚ ಬಾಯಿಯಿಂದ ಇಳಿದರೆ ಕಾಯೋಣ, ಇಳಿಯದಿದ್ದರೆ ಮೂಗಿನಿಂದ.

“ಉಣಿಸುವವಳು ನೀನೇ. ಅವರ ಮಾತು ತಿಳಿಯುವವರು ಬೇರೆ ಇಲ್ಲ,” ಎಂದರು ಸಿಸ್ಟರ್. “ಚಾರ್ಟ್ ಬರೆಯುವವರು ಮೌಶಿ. ಅವರು ಪಕ್ಕದಲ್ಲಿ ನಿಂತು ಎಣಿಸುತ್ತಾರೆ. ನಿನ್ನ ವಿಷಯ ಸೋಮವಾರದ ನಂತರ.”

ಆ ಮಧ್ಯಾಹ್ನವೂ ಒಂದು ಚಮಚ ಇಳಿಯಲಿಲ್ಲ. ಸಂಜೆ ಮಗಳಿಗೂ ಫೋನ್ ಹೋಯಿತು. ಅವರು ನನಗೆ ಬೈದದ್ದು ನ್ಯಾಯವಾಗಿತ್ತು, ಹೆಚ್ಚು ಹೊತ್ತು ಬೈದದ್ದೂ ನ್ಯಾಯವಾಗಿತ್ತು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ನಾನು ಕೇಳಿದೆ: “ಅಕ್ಕಾ, ನಾನು ತಿಂದ ಮೇಲೆ ದಿನಾ ಒಂದು ಮಾತು ಕೇಳ್ತಾರೆ. ಇನ್ನಾ ಯಾರ ಅದಾರ, ಕರಿ ಅವರ್ನ ಅಂತ. ಯಾರನ್ನು ಕರೀಬೇಕು?”

ಫೋನಿನಲ್ಲಿ ಮಹಾಪೆಯ ಮೆಷಿನ್ನುಗಳ ಸದ್ದು ದೂರವಾಯಿತು, ಅವರು ಹೊರಗೆ ಬಂದಿರಬೇಕು.

“ಅಯ್ಯ,” ಎಂದರು ಆಮೇಲೆ. “ನಾನ ಹೇಳಬೇಕಿತ್ತ. ಎಷ್ಟಕ್ಕ ಉಣಸ್ತೀರಿ ನೀವು?”

“ಹನ್ನೆರಡೂವರೆಗೆ. ಅವರಿಗೇ ಮೊದಲು.”

“ಮೊದಲಾ? ನಮ್ಮವ್ವ ಜೀವಮಾನದಾಗ ಮೊದಲ ಉಂಡಾಕಿ ಅಲ್ಲ. ಕಡೀ ಲೋಡರ್ ಎದ್ದ ಕೈ ತೊಳ್ಕೊಂಡ ಮ್ಯಾಲೆ ತಾಟ ಹಚ್ಕೋತಿದ್ಲು. ಮೂರೂವರಿ ಆಗ್ತಿತ್ತ. ಹೊರಗ ತಾಟಿನ ಸಪ್ಪಳ ಇದ್ರ ಆಕಿ ಗಂಟಲ್ದಾಗ ಇಳಿಯೂದಿಲ್ಲ.”

ನಮ್ಮ ನಿಯಮದಲ್ಲಿ ಹೆಚ್ಚು ಕಷ್ಟದಲ್ಲಿರುವವರಿಗೆ ಮೊದಲು ಬಡಿಸುವುದು ಮರ್ಯಾದೆ. ಹಾಲಿನಲ್ಲಿ ಪಂಕ್ತಿ ಕೂತಿರುವಾಗ ನಾವು ದಿನವೂ ಬಡಿಸುವವಳ ಬಾಯಿಗೇ ಚಮಚ ಒಡ್ಡುತ್ತಿದ್ದೆವು. ಅವರು ಹಸಿದವರನ್ನು ಒಬ್ಬೊಬ್ಬರಾಗಿ ದಾಟಿಸುತ್ತಿದ್ದರು. ಮೊದಲು ಸಿಕ್ಕಿದವಳು ನಾನು.

ಶುಕ್ರವಾರ ಮೂರೂವರೆಗೆ ಬಟ್ಟಲು ಬಿಸಿ ಮಾಡಿ ಒಯ್ದೆ. ಮೌಶಿ ಪೆನ್ನು ಹಿಡಿದು ಬಾಗಿಲಲ್ಲಿ ನಿಂತರು, ಪರೀಕ್ಷೆಯ ಹಾಲಿನ ಮೇಲ್ವಿಚಾರಕರ ಹಾಗೆ. ಎಲ್ಲರದೂ ಆಯಿತು ಅಜ್ಜಿ ಎಂದೆ. ಅಜ್ಜಿ ಕಿವಿಗೊಟ್ಟರು. ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದರು, ಸ್ಟೀಲಿನ ಮೇಲೆ ಸ್ಟೀಲು ಬೀಳುತ್ತಿತ್ತು.

“ಸುಳ್ಳ ಯಾಕ ಹೇಳ್ತೀ? ಗದ್ದಲ ಕೇಳಸ್ತದಲ್ಲ.”

ನನ್ನ ಜೀವನದಲ್ಲಿ ಅಪರೂಪಕ್ಕೆ ನಿಜ ಹೇಳಿದ ದಿನವೇ ಸಿಕ್ಕಿಬಿದ್ದೆ. ತೊಳೆಯುವ ಸದ್ದು ನಿಲ್ಲಲು ಕಾದೆವು. ಖಿಚಡಿ ಗಟ್ಟಿಯಾಯಿತು, ನೀರು ಬೆರೆಸಿ ಮತ್ತೆ ಬಿಸಿ ಮಾಡಿದರೆ ಅಂಟಾಯಿತು. ತುಟಿ ತೆರೆಯಲಿಲ್ಲ. ಮೌಶಿ ಚಾರ್ಟಿನಲ್ಲಿ ಸೊನ್ನೆ ಬರೆದರು. ಅಷ್ಟು ದೊಡ್ಡ ಸೊನ್ನೆಯನ್ನು ನಾನು ಗಣಿತದ ಪೇಪರಿನಲ್ಲೂ ನೋಡಿರಲಿಲ್ಲ.

ಉಳಿದದ್ದು ಶನಿವಾರ, ಭಾನುವಾರ. ಹೇಳಿದರೆ ಅಜ್ಜಿ ನಂಬುವುದಿಲ್ಲ, ಕೇಳಿಸಿಕೊಂಡರೆ ಮೋಸ ಹೋಗುತ್ತಾರೆ. ಕಣ್ಣಿನಿಂದ ನೋಡಬೇಕು. ಸಿಸ್ಟರನ್ನು ಕೇಳಿದೆ: ಅಜ್ಜಿಯನ್ನು ಹಾಲಿಗೇ ಒಯ್ಯಲೇ? ಬೆನ್ನಿನ ಕೆಂಪು ಜಾಗಕ್ಕೆ ಗಾಳಿಯ ಮೆತ್ತೆ ಕೊಟ್ಟು ಒಂದು ಗಂಟೆ ಮೀರದಂತೆ ಕೂರಿಸಬಹುದು ಎಂದರು. “ಆದರೆ ಎತ್ತುವುದು ಇಬ್ಬರು.”

ಇಬ್ಬರು ಎಂದರೆ ನಾನು ಮತ್ತು ಮೌಶಿ.

ಶನಿವಾರ ಮೂರಕ್ಕೆ ಆಯಾಗಳು ಡಬ್ಬಿ ಹಿಡಿದು ಮೇಲೆ ಹೋಗುತ್ತಿದ್ದರು. ನಾನು ಮೆಟ್ಟಿಲ ಬುಡದಲ್ಲಿ ಮೌಶಿಯನ್ನು ತಡೆದೆ. “ಅಜ್ಜಿಯನ್ನು ಕುರ್ಚಿಗೆ ಎತ್ತಬೇಕು. ಈಗಲೇ. ಹಾಲ್ ಈಗ ಖಾಲಿ ಇದೆ.”

“ನಿನ್ನ ಸರ್ಟಿಫಿಕೇಟಿಗೆ ಹೇಳು. ಅದೇ ಎತ್ತಲಿ.”

“ಅದಕ್ಕೆ ಮೊಣಕಾಲು ಇಡಲು ಬರುವುದಿಲ್ಲ ಮೌಶಿ.”

ಮೌಶಿ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಡಬ್ಬಿಯನ್ನು ಕಂಕುಳಲ್ಲೇ ಇಟ್ಟುಕೊಂಡು ಕೋಣೆಗೆ ನಡೆದರು.

ಅಜ್ಜಿಯನ್ನು ಮಗ್ಗುಲಾಗಿಸಿ, ಕಾಲು ಕೆಳಗಿಳಿಸಿ, ತಲೆ ತಿರುಗುವುದು ನಿಲ್ಲುವವರೆಗೆ ಕೂರಿಸಿದೆವು. ಸೀರೆಯ ನೆರಿಗೆ ಸರಿ ಮಾಡಿದೆ. ಆಪರೇಷನ್ ಆದ ಕಾಲಿನ ಮೇಲೆ ಭಾರ ಬೀಳಬಾರದು. ಮೌಶಿ ತಮ್ಮ ಮೊಣಕಾಲನ್ನು ಅಜ್ಜಿಯ ಒಳ್ಳೆಯ ಮೊಣಕಾಲಿಗೆ ಹೊರಗಿನಿಂದ ಒತ್ತಿ ಬೀಗ ಹಾಕಿದರು. ನಾನು ಏಳು ತಿಂಗಳ ಹಿಂದೆ ತಪ್ಪು ಎಂದಿದ್ದ ಅದೇ ಮೊಣಕಾಲು. ಅಜ್ಜಿಯ ಕಾಲು ಒಂದು ಕೂದಲಿನಷ್ಟೂ ಜಾರಲಿಲ್ಲ. ಕುರ್ಚಿಯಲ್ಲಿ ಕೂತದ್ದು ಹೂವು ಇಟ್ಟ ಹಾಗಿತ್ತು. ಪುಸ್ತಕದಲ್ಲಿ ಬೇರೆ ಚಿತ್ರವಿದೆ. ಪುಸ್ತಕ ಬರೆದವರು ಮೌಶಿಯನ್ನು ನೋಡಿಲ್ಲ.

ಹಾಲಿನಲ್ಲಿ ಮೇಜುಗಳನ್ನು ಒರೆಸಿ ಆಗಿತ್ತು, ನೆಲ ಇನ್ನೂ ಒದ್ದೆ. ಅಜ್ಜಿ ಒಂದೊಂದೇ ಮೇಜನ್ನು ನೋಡುತ್ತಾ ಹೋದರು. ಕೊನೆಯ ಮೇಜಿನ ಮೇಲೆ ಉಳಿದಿದ್ದ ಅನ್ನದ ಅಗುಳನ್ನು ಬೆರಳಿನಿಂದ ಎತ್ತಿ ನನ್ನ ಕೈಗೆ ಕೊಟ್ಟರು.

“ಎಲ್ಲಾರೂ ಎದ್ರೇನು?”

“ಎದ್ದರು ಅಜ್ಜಿ.”

“ನೀ?”

“ನನ್ನದು ಆಯಿತು. ನನ್ನ ಡಬ್ಬಿಯದ್ದೇ.” ನಿಜವಾಗಿಯೂ ಎರಡೂವರೆಗೇ ಮೆಟ್ಟಿಲ ಮೇಲೆ ಮುಗಿಸಿ ಬಂದಿದ್ದೆ.

ಬಟ್ಟಲು ಇಟ್ಟೆ, ಅಜ್ಜಿಯ ಗಲ್ಲ ಬಗ್ಗಿಸಿದೆ, ಚಮಚ ಒಯ್ದೆ. ಅಜ್ಜಿಯ ಕಣ್ಣು ನನ್ನ ಹೆಗಲಾಚೆ ಹೋಯಿತು. ಅಲ್ಲಿ ಮೌಶಿ, ಒಂದು ಕೈಯಲ್ಲಿ ಚಾರ್ಟ್, ಕಂಕುಳಲ್ಲಿ ಬಿಚ್ಚದ ಡಬ್ಬಿ.

“ಆಕಿ?”

ಮೌಶಿಗೆ ತಿಳಿಸಿದೆ. “ನನಗೆ ಹಸಿವಿಲ್ಲ ಅನ್ನು,” ಎಂದರು ಅವರು. ಅಂದೆ.

“ಡಬ್ಬಿ ಹಿಡ್ಕೊಂಡ ನಿಂತಾಕೀಗಿ ಹಸಿವಿಲ್ಲಾ?” ಅಜ್ಜಿ ಬಾಯಿ ಮುಚ್ಚಿದರು. ಮತ್ತೆ ಲಕೋಟೆ.

“ಮೌಶಿ, ನೀವು ಉಂಡ ಹೊರತು ಇವರು ಉಣ್ಣುವುದಿಲ್ಲ.”

“ನಾನು ಎಣಿಸಲು ಬಂದವಳು.”

“ಎಣಿಸಲು ಏನೂ ಇರುವುದಿಲ್ಲ.”

ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತೈದು. ಕುರ್ಚಿಯ ಒಂದು ಗಂಟೆಯಲ್ಲಿ ಕಾಲು ಭಾಗ ಆಗಲೇ ಕಳೆದಿತ್ತು. ಮೌಶಿ ಗೊಣಗುತ್ತಾ ನಮ್ಮೆದುರಿನ ಕುರ್ಚಿ ಎಳೆದರು, ಅದು ನೆಲಕ್ಕೆ ಉಜ್ಜಿ ಕೂಗಿತು. ಡಬ್ಬಿ ಬಿಚ್ಚಿದರು. ಭಾಕ್ರಿ ಎಂದು ಇಲ್ಲಿ ಕರೆಯುವ ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಒಂದು ಈರುಳ್ಳಿ. ಅಜ್ಜಿ ಕುತ್ತಿಗೆ ಚಾಚಿ ಭಾಕ್ರಿ ನೋಡಿದರು.

“ದಪ್ಪ ಆಗ್ಯಾವ. ನಡುವ ಹಸಿ ಉಳದಿರ್ತದ.”

“ಏನಂತೆ?” ಎಂದರು ಮೌಶಿ.

ಇಂಥ ಹೊತ್ತಿನಲ್ಲಿ ಜಾಣರು ಅನುವಾದದಲ್ಲಿ ಸಕ್ಕರೆ ಬೆರೆಸುತ್ತಾರೆ. ಆ ವಾರ ನಾನು ಆ ಜಾಣತನವನ್ನು ಬಿಟ್ಟಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮೌಶಿಯ ಕೈ ನಿಂತಿತು. “ನನ್ನ ಅತ್ತೆ ಸತ್ತು ಒಂಬತ್ತು ವರ್ಷ ಆಯಿತು, ಇಲ್ಲಿ ಬಂದು ಕೂತಿದ್ದಾಳೆ ಅನ್ನು.”

ಅದನ್ನೂ ಹೇಳಿದೆ. ಅಜ್ಜಿ ಬಾಯಿಯ ಬಲಭಾಗದಿಂದ ನಕ್ಕರು. ಎಡಭಾಗ ಬರಲಿಲ್ಲ, ಆದರೂ ನಗು ಪೂರ್ತಿಯಿತ್ತು. ಮೌಶಿ ತಲೆ ತಗ್ಗಿಸಿ ತಿನ್ನತೊಡಗಿದರು. ತುತ್ತಿಗೊಂದು ಸಲ ಅಜ್ಜಿ ತಲೆಯಾಡಿಸುತ್ತಿದ್ದರು. ನಡುವೆ ಮೌಶಿ ನನ್ನ ಕಡೆ ನೋಡದೆಯೇ ಒಂದು ಭಾಕ್ರಿಯನ್ನು ಅರ್ಧ ಮುರಿದು, ಪಲ್ಯ ಇಟ್ಟು, ಮುಚ್ಚಳದಲ್ಲಿ ನನ್ನತ್ತ ತಳ್ಳಿದರು.

“ತಿನ್ನು. ಇದು ನನ್ನದು, ಮುದುಕಿಯದಲ್ಲ.”

ಹೊಟ್ಟೆ ತುಂಬಿತ್ತು. ಆದರೂ ತಿಂದೆ. ನಡುವೆ ನಿಜಕ್ಕೂ ಸ್ವಲ್ಪ ಹಸಿ ಇತ್ತು. ಮುಚ್ಚಳ ಖಾಲಿ ಮಾಡಿ ಮರಳಿ ತಳ್ಳಿದೆ.

ಮೌಶಿ ಡಬ್ಬಿ ಮುಚ್ಚಿ ಹೋಗಿ ಕೈ ತೊಳೆದು ಬಂದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದನ್ನು ಅಜ್ಜಿ ಕೊನೆಯವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

“ತಾ ಇನ್ನ. ನಂದ ಹಚ್ಚ.”

ಸಣ್ಣ ಚಮಚ, ತುಂಬಿ ತುಳುಕದಷ್ಟು. ಬಾಯಿಯ ಬಲಭಾಗಕ್ಕೆ. ತುಟಿ ಮುಚ್ಚಿತು, ದವಡೆ ಆಡಿತು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುವವರೆಗೆ ಕಾಯಬೇಕು, ಅದು ಬಂದ ಮೇಲೆಯೂ ಕೆನ್ನೆಯೊಳಗೆ ಉಳಿದಿದೆಯೇ ಎಂದು ನೋಡಬೇಕು. ಉಳಿದಿರಲಿಲ್ಲ. ಎರಡು. ಮೂರಕ್ಕೆ ಕೆಮ್ಮು ಬಂತು, ಮೂವರೂ ನಿಂತೆವು, ಅಂದರೆ ಇಬ್ಬರು ನಿಂತೆವು. ಕೆಮ್ಮು ಹೋಯಿತು. “ಉಪ್ಪಿಲ್ಲ,” ಎಂದರು ಅಜ್ಜಿ. ನಾಲ್ಕು. ಐದು. ಉಣ್ಣುವಾಗ ಮಾತಾಡಿಸಿದರೆ ಗಂಟಲಿಗೆ ಹೋಗಬೇಕಾದದ್ದು ಉಸಿರಿನ ದಾರಿಗೆ ಹೋಗುತ್ತದೆ. ಆರರ ನಂತರ ಬಹಳ ಹೊತ್ತು ಕಣ್ಣು ಮುಚ್ಚಿದರು. ಆಗ ಅವರ ಬಲಗೈ ಮೇಜಿನ ಮೇಲಿತ್ತು, ಬಡಿಯುತ್ತಿರಲಿಲ್ಲ, ಸುಮ್ಮನೆ ಇತ್ತು. ಕೆಲಸ ಮುಗಿಸಿದವರ ಕೈ. ಮತ್ತೆ ತಾವೇ ಬಾಯಿ ತೆರೆದರು. ಏಳು. ಎಂಟು ಇಳಿದಾಗ ನಾನು ಮೌಶಿಯನ್ನು ನೋಡಲಿಲ್ಲ, ಮೌಶಿ ನನ್ನನ್ನು ನೋಡಲಿಲ್ಲ.

ಇನ್ನೆರಡು ಚಮಚದ ಮೇಲೆ ಅಜ್ಜಿ ಮುಖ ತಿರುಗಿಸಿ ಸಾಕು ಎಂದರು. ಬಾಯಿ ಒರೆಸಿದೆ, ಹಲ್ಲು ತೊಳೆಸಿದೆ. ಇನ್ನರ್ಧ ಗಂಟೆ ನೆಟ್ಟಗೆ ಕೂರಬೇಕು, ಕುರ್ಚಿಯ ಗಂಟೆ ಮುಗಿದ ಮೇಲಿನದು ಮಂಚದಲ್ಲಿ. ಹೊರಗಿನಿಂದ ಯಾರೋ ಆಗಲೇ ಮೌಶಿಯನ್ನು ಕೂಗುತ್ತಿದ್ದರು. ಅವರು ಏಳಲಿಲ್ಲ. ಚಾರ್ಟ್ ಎಳೆದುಕೊಂಡು, ಪೆನ್ನಿನ ತುದಿ ನಾಲಿಗೆಗೆ ತಾಗಿಸಿ, ಬರೆದರು: ಒಂಬತ್ತು ಚಮಚ.

ನಾನು ಎಣಿಸಿದ್ದು ಹತ್ತು. ಹೇಳಲು ಬಾಯಿ ತೆರೆದೆ, ಅಜ್ಜಿಯ ಸೆರಗು ನೋಡಿದೆ. ಹತ್ತನೆಯದು ಅಲ್ಲಿ ಬಿದ್ದಿತ್ತು. ಒಂಬತ್ತೇ ಸರಿ.